ಹೊಸ ಸಾಹೇಬರು ಹೆಂಗಿರಬೇಕು?

ಪೊಲೀಸ್ ಠಾಣೆಗೆ ನಗಲಿಕ್ಕೆಂದು ಯಾರೂ ಬರುವುದಿಲ್ಲ. ಆದರೂ ದಿನಕ್ಕೊಂದಾದರೂ ನಗುವಂಥದ್ದು ನಡೆದೇ ಹೋಗುತ್ತದೆ. ಸೂತಕದ ದಿನಗಳಲ್ಲೂ ತಪ್ಪುವುದಿಲ್ಲ.

ನಾನು ಸವದತ್ತಿ ಸೀಮೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಕಾಗದಪತ್ರ ಬರೆಯುವ ಕೆಲಸ, ಹಾಗಾಗಿ ಎಲ್ಲರಿಗೂ 'ರೈಟರ್'. ಹೋದ ತಿಂಗಳು ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಮುರಗೋಡದ ಕಡೆ ಬಂದೋಬಸ್ತಿಗೆ ನಿಂತಿದ್ದವರು ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ. ಹದಿಮೂರು ದಿನ ಕಳೆಯುವುದರೊಳಗೆ ಡಿವೈಎಸ್‌ಪಿ ಸಾಹೇಬರ ಫೋನ್ ಬಂತು.

"ರೈಟರ್, ನಿಮ್ಮ ಸ್ಟೇಷನ್ನಿಗೆ ಎಂಥಾ ಅಧಿಕಾರಿ ಬೇಕು? ಮಂದೀನ ಕೇಳಿ ಒಂದು ಹಾಳಿ ಬರದು ಕಳಸ್ರಿ. ಬ್ಯಾರೇ ನಮೂನಿಯವ್ರು ಬಂದ್ರ ಹೋದವ್ರು ಮಾಡಿಟ್ಟದ್ದೆಲ್ಲಾ ನೀರಾಗ ಹೋಮ ಮಾಡಿದಂಗ ಆಗತೈತಿ."

ಸಾಹೇಬರ ಖುರ್ಚಿ ಇನ್ನೂ ಖಾಲಿ ಇತ್ತು. ಅದರ ಕಡೆ ನೋಡಲಾರದೆ ನಾನು ಮಂದಿಯನ್ನು ಕೇಳಲು ಹೊರಟೆ.

ಒಂದೇ ಬೆಂಚು

ಚಚಡಿಯ ಕಡೆಯ ಅಣ್ಣ-ತಮ್ಮ, ಇಬ್ಬರೂ ರೈತರು. ಹೊಲದ ಬದುವಿನ ಜಗಳ. ಸಾಹೇಬರು ಇವರನ್ನು ಎತ್ತು ಹೂಡದ ಸೋಮವಾರಗಳಂದು ಕರೆಸಿ ಒಂದೇ ಬೆಂಚಿನ ಮೇಲೆ ಕೂಡಿಸುತ್ತಿದ್ದರು. ಅವರದೊಂದು ಪದ್ಧತಿ: ತನ್ನ ತಕರಾರು ತಾನೇ ಹೇಳುವಂತಿಲ್ಲ. ಅಣ್ಣನದನ್ನು ತಮ್ಮ ಹೇಳಬೇಕು, ತಮ್ಮನದನ್ನು ಅಣ್ಣ. ಮೊದಲ ವಾರ ಇಬ್ಬರೂ ಬಾಯಿ ಬಿಡಲಿಲ್ಲ. ಎರಡನೆಯ ವಾರ ಗೊಣಗುತ್ತ ಒಪ್ಪಿಸಿದರು. ನಾಲ್ಕನೆಯ ವಾರ ಒಂದೇ ಬೈಕಿನ ಮೇಲೆ ಬಂದರು.

ಹೊಸ ಸಾಹೇಬರು ಹೆಂಗಿರಬೇಕೆಂದು ಕೇಳಿದೆ. ಅಣ್ಣ ಹೇಳಿದ: "ಹೆಂಗರ ಇರ್ಲಿರಿ. ಆದ್ರ ನಮ್ಮ ಜಗಳಾ ಬಗಿಹರಸೋರು ಬ್ಯಾಡ. ಬಗಿಹರದ್ರ ನಾವಿಬ್ಬರೂ ಕೂಡಿ ಎಲ್ಲಿ ಕುಂಡ್ರೂದು?"

ತಪ್ಪಾತು

ಪೌರೋಹಿತ್ಯ ಬಿಟ್ಟು ಝೆರಾಕ್ಸ್ ಅಂಗಡಿ ಇಟ್ಟ ಆಚಾರ್ಯರೊಬ್ಬರಿದ್ದಾರೆ. ಒಮ್ಮೆ ಕಳುವಿನ ಗಾಡಿ ಎಂದುಕೊಂಡು ಅವರ ಸ್ಕೂಟರ್ ಎತ್ತಿಕೊಂಡು ಬಂದಿದ್ದೆವು. ನಂಬರ್ ಸರಿಯಾಗಿ ನೋಡದ ತಪ್ಪು ನನ್ನದು. ಸಾಹೇಬರು ಬೈಯಲಿಲ್ಲ. ತಾವೇ ಸ್ಕೂಟರ್ ಹತ್ತಿ ವಾಪಸು ಕೊಡಲು ಹೋದರು, ನಾನು ಹಿಂದೆ ಜೀಪಿನಲ್ಲಿ. ಜೀಪು ಕಂಡದ್ದೇ ತಡ, ಆಚಾರ್ಯರು ಹಿತ್ತಲ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡರು. ಸಾಹೇಬರು ಬಚ್ಚಲ ಬಾಗಿಲ ಮುಂದೆ ಟೊಪ್ಪಿಗೆ ತೆಗೆದು ನಿಂತು, "ಆಚಾರ್ರ, ನಮ್ಮದು ತಪ್ಪಾತ್ರಿ" ಎಂದರು.

ಒಳಗಿಂದ ಉತ್ತರ ಬಂತು: "ಮನ್ಯಾಗ ಯಾರೂ ಇಲ್ರಿ."

ಈಗ ಹೋಗಿ ಆಚಾರ್ಯರ ಹೆಂಡತಿಯನ್ನು ಕೇಳಿದೆ. "ಅಂಥಾವ್ರನ್ನ ಕಳಸ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮದಿವ್ಯಾಗಿ ಮೂವತ್ತು ವರ್ಷ ಆತು. ಈ ಮನ್ಯಾಗ ಗಂಡಸರ ಬಾಯಿಂದ 'ತಪ್ಪಾತು' ಅನ್ನೋದು ಕೇಳಿದ್ದು ಅದೊಂದ ಸಲ ನೋಡ್ರಿ."

ಕಳ್ಳನ ಮರ್ಯಾದಿ

ನಮ್ಮ ಪಟ್ಟಿಯಲ್ಲಿರುವ ಹಳೆಯ ಕಳ್ಳನೊಬ್ಬ ಪ್ರತಿ ರವಿವಾರ ಠಾಣೆಗೆ ಬಂದು ಸಹಿ ಹಾಕಿ ಹೋಗಬೇಕು. ಆ ವಾರ ಸಹಿ ಹಾಕಿ, ಖಾಲಿ ಖುರ್ಚಿಗೆ ಕೈಮುಗಿದ.

"ರೈಟರ್ ಸಾಹೇಬ್ರ, ಹೊಸಾಬರು ಬರೂತನಕ ನೀವು ಅರಾಮ ಇರ್ರಿ. ನಾ ಏನೂ ಮಾಡೂದಿಲ್ಲ. ಹಿಡಿಯವ್ರ ಇಲ್ಲದಾಗ ಕಳವು ಮಾಡೂದು ಮರ್ಯಾದಿ ಅಲ್ಲ."

ಅವನ ಎದುರಿಗೆ ಖಾಕಿ ತೊಟ್ಟು ನಾವು ಏಳು ಜನ ನಿಂತಿದ್ದೆವು.

ಒಂದು ಹಾಳಿ

ಇಷ್ಟೆಲ್ಲ ಕೇಳಿಕೊಂಡು ಬರೆಯಲು ಕೂತರೆ ಕೈ ಓಡಲಿಲ್ಲ. 'ಧೈರ್ಯ, ಪ್ರಾಮಾಣಿಕತೆ, ತಾಳ್ಮೆ' ಎಂದು ಬರೆದೆ, ಹರಿದೆ. ಆ ಮಾತುಗಳನ್ನು ಬೀಳ್ಕೊಡುವ ಸಮಾರಂಭದಲ್ಲಿ ಎಲ್ಲರಿಗೂ ಹೇಳುತ್ತಾರೆ, ಲಂಚ ತಿಂದವರಿಗೂ. ಕೊನೆಗೆ ಸಾಹೇಬರನ್ನೇ ಕಣ್ಣ ಮುಂದೆ ತಂದುಕೊಂಡು ಬರೆಯುತ್ತ ಹೋದೆ. ತಿರುಗಿ ಓದಲಿಲ್ಲ. ಓದಿದ್ದರೆ ಅಳು ಬರುತ್ತಿತ್ತು. ಹಾಗೇ ಕಳಿಸಿಬಿಟ್ಟೆ.

ಮರುದಿನ ಡಿವೈಎಸ್‌ಪಿ ಸಾಹೇಬರು ತಾವೇ ಬಂದರು. ಹಾಳೆಯನ್ನು ನನ್ನ ಮುಂದೆ ಹಿಡಿದು "ಓದ್ರಿ" ಎಂದರು. ಓದಿದೆ.

"ಎತ್ತರ ಐದೂವರೆ ಅಡಿ. ಗೋಧಿ ಮೈಬಣ್ಣ, ದುಂಡು ಮುಖ, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಕನ್ನಡ, ಮರಾಠಿ, ಉರ್ದು ಮಾತನಾಡುತ್ತಾರೆ. ಮನೆಯಿಂದ ಹೋಗುವಾಗ ಖಾಕಿ ಸಮವಸ್ತ್ರ ಧರಿಸಿದ್ದರು."

ಇಪ್ಪತ್ತೆಂಟು ವರ್ಷ ಕಾಣೆಯಾದವರ ಪ್ರಕಟಣೆ ಬರೆದ ಕೈ ನನ್ನದು. ನನ್ನನ್ನು ಕೇಳದೆ ಅದನ್ನೇ ಬರೆದಿತ್ತು.

"ಏನ್ರೀ ರೈಟರ್, ಹೊಸಾಬರು ಹೆಂಗಿರಬೇಕು ಅಂತ ನಾ ಕೇಳಿದ್ನಿ. ನೀವು ಹೋದವ್ರನ್ನ ಹುಡಿಕಿ ಕೊಡ್ರಿ ಅಂತ ಬರದೀರಲ್ರಿ!" ಅವರು ನಗಲು ಹೋದರು, ಆಗಲಿಲ್ಲ. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು "ಇದನ್ನೂ ಓದ್ರಿ" ಎಂದರು. ನಾನು ಹಾಳೆಯನ್ನು ಅವರ ಕಡೆಗೇ ತಿರುಗಿಸಿದೆ. ಅವರೇ ಓದಿದರು:

"ಸದರಿಯವರ ಸುಳಿವು ಸಿಕ್ಕಲ್ಲಿ ಕೂಡಲೇ ನಮ್ಮ ಠಾಣೆಗೆ ತಿಳಿಸಬೇಕಾಗಿ ವಿನಂತಿ."