ಇಪ್ಪತ್ತನೆಯ ಟೋಪಿ

ನುಸಿಗುಳಿಗೆಯ ವಾಸನೆ ಎಂದರೆ ಅವನಿಗೆ ಅಜ್ಜನ ಟ್ರಂಕು. ಚಿಕ್ಕವನಿದ್ದಾಗ ಅದರೊಳಗೆ ತಲೆ ತೂರಿಸಿ ಉಸಿರು ಕಟ್ಟುವವರೆಗೂ ಮೂಸುತ್ತಿದ್ದ. ಒಮ್ಮೆ ಮುಚ್ಚಳ ಕುತ್ತಿಗೆಯ ಮೇಲೇ ಬಿದ್ದಿತ್ತು. ಈ ಬೆಳಿಗ್ಗೆ ಅಕ್ಕ ಅದೇ ಟ್ರಂಕಿನಿಂದ ಒಂದು ಹಳದಿ ಟೋಪಿ ತೆಗೆದು ಅವನ ತಲೆಗೆ ಒತ್ತಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಕುತ್ತಿಗೆ ತಾನಾಗಿಯೇ ಒಳಕ್ಕೆ ಸರಿಯಿತು. ಓಟದ ಪಂದ್ಯವೊಂದರಲ್ಲಿ ಕೊನೆಯವನಾಗಿ ಬಂದ ಅಜ್ಜನಿಗೆ ಯಾರೋ ಸಮಾಧಾನಕ್ಕೆಂದು ಕೊಟ್ಟ ಟೋಪಿ ಅದು.

“ತೆಗೀಬೇಡ. ಹಳದಿ ಟೋಪಿ ಅಂತಲೇ ಗುರುತು ಹೇಳಿದೀನಿ,” ಎಂದಳು ಅಕ್ಕ.

“ಒಂದು ಫೋಟೋ ಕಳಿಸಿದ್ರೆ ಆಗ್ತಿರಲಿಲ್ವಾ?”

“ಫೋಟೋ ಕಳಿಸಿದ್ದಕ್ಕೇ ಕಣೋ ಹಿಂದಿನವರು ಯಾರೂ ಬರದೇ ಇದ್ದದ್ದು.”

ಅವನಿಗೊಂದು ಕನ್ನಡಕದ ಅಂಗಡಿ ಇತ್ತು. ವಯಸ್ಸು ನಲವತ್ತಾದರೂ ಮದುವೆಯಾಗಿರಲಿಲ್ಲ. ಅಕ್ಕ ಈ ಸಲ ಹುಡುಕಿದ್ದು ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸನ್ನು. ಆಕೆಯ ಫೋಟೋ ವಾರದಿಂದ ಅವನ ಜೇಬಿನಲ್ಲಿತ್ತು. ಹೊಸ ಲೆನ್ಸು ಸಿದ್ಧವಾದಾಗಲೆಲ್ಲ ಆ ಫೋಟೋ ನೋಡಿಯೇ ಪರೀಕ್ಷಿಸುತ್ತಿದ್ದ. ಎಲ್ಲ ಲೆನ್ಸಿನಲ್ಲೂ ಆಕೆ ಚೆನ್ನಾಗಿಯೇ ಕಂಡಿದ್ದಳು. ಹನ್ನೊಂದಕ್ಕೆ ಹಳೇ ಚೌಕದ ಕುದುರೆ ಪ್ರತಿಮೆಯ ಹತ್ತಿರ ಚಿಕ್ಕಮ್ಮನ ಜೊತೆ ಬರುತ್ತೇನೆ, ಕಾಯಿಸಿದರೆ ಎದ್ದು ಹೋಗುತ್ತೇನೆ, ಎರಡನೇ ಸಲ ಕರೆಯಬಾರದು ಎಂದು ಆಕೆ ಹೇಳಿಕಳಿಸಿದ್ದಳು.

ಕಾಯಿಸಬಾರದೆಂದು ಅವನು ಅರ್ಧ ಗಂಟೆ ಮುಂಚೆಯೇ ಚೌಕಕ್ಕೆ ಬಂದ. ಬೆವರಿಳಿದ ಮುಖ ಕಾಣದಿರಲಿ ಎಂದು ಗಡಿಯಾರ ಗೋಪುರದ ನೆರಳಿನಲ್ಲಿ ನಿಂತ. ಅದೇ ತಪ್ಪಾಯಿತು.

“ಹದಿನೆಂಟು, ಹತ್ತೊಂಬತ್ತು... ಅಬ್ಬಾ, ಇಪ್ಪತ್ತು! ಎಲ್ಲಿ ಹೋಗಿದ್ರಿ ನೀವು?” ಎನ್ನುತ್ತ ಕೈಯಲ್ಲಿ ಬಾವುಟ ಹಿಡಿದ ಹುಡುಗಿಯೊಬ್ಬಳು ಅವನ ತೋಳು ಹಿಡಿದಳು. ಅವಳ ಹಿಂದೆ ದೊಡ್ಡದೊಂದು ಗುಂಪು ನಿಂತಿತ್ತು. ಎಲ್ಲರ ತಲೆಯ ಮೇಲೂ ಹಳದಿ ಟೋಪಿ.

“ನಾನು ನಿಮ್ಮವನಲ್ಲಮ್ಮ. ನಾನು ಈ ಊರಿನವನೇ.”

“ಪ್ರತಿ ಟ್ರಿಪ್‌ನಲ್ಲೂ ಒಬ್ಬರು ಹೀಗೇ ಅಂತಾರೆ. ಹೋದ ಸಲ ಒಬ್ಬರು ನಾನು ಜಡ್ಜು ಅಂದ್ರು,” ಎಂದ ಗೈಡಿನ ಕಣ್ಣಲ್ಲಿ ನೀರಿತ್ತು. “ಸಾರ್, ಇದು ನನ್ನ ಮೊದಲನೇ ವಾರ. ಒಂದು ತಲೆ ಕಮ್ಮಿಯಾದ್ರೂ ಕೆಲಸ ಹೋಗುತ್ತೆ.”

ಅಳುವವರ ಮುಂದೆ ಅವನ ನಾಲಗೆ ಬೆಣ್ಣೆಯಂತೆ ಕರಗುತ್ತಿತ್ತು. ಮೆತ್ತಗೆ ಹಿಂದೆ ಸರಿಯುವಷ್ಟರಲ್ಲಿ ಯಾರೋ ಕಾಲರ್ ಹಿಡಿದರು. ಗುಂಪಿನಲ್ಲಿದ್ದ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಕೈ ಇಕ್ಕಳದಂತಿತ್ತು.

“ಬಸ್ಸಿನಲ್ಲಿ ಕೊನೇ ಸೀಟಲ್ಲಿ ಗೊರಕೆ ಹೊಡೀತಿದ್ದದ್ದು ಇವನೇ,” ಎಂದು ಆಕೆ ತೀರ್ಪು ಕೊಟ್ಟರು. “ನಡೀ ಮುಂದೆ. ಮೆಟ್ಟಿಲು ಹತ್ತೋಕೆ ಸೋಮಾರಿತನ.”

“ಅಮ್ಮಾ, ನನಗೆ ಹನ್ನೊಂದಕ್ಕೆ ಹುಡುಗಿ ನೋಡೋದಿದೆ!”

“ಈ ವಯಸ್ಸಿಗಾ? ಮೊದಲು ಗೋಪುರ ನೋಡು.”

ಹುಟ್ಟಿದ ಊರಿನ ಗೋಪುರವನ್ನು ಅವನು ಮೊದಲ ಸಲ ಹತ್ತಿದ್ದು ಹೀಗೆ, ಕಾಲರ್ ಹಿಡಿಸಿಕೊಂಡು. ಕಟ್ಟಿಸಿದ ದೊರೆ ಬಹಳ ಸಮಯಪಾಲಕನೆಂದು ಗೈಡು ವಿವರಿಸುತ್ತಿದ್ದಳು. ಮೇಲೆ ತಲುಪಿದಾಗ ಕೆಳಗೆ ಕುದುರೆಯ ಬೆನ್ನೂ, ಅದರ ಮೇಲೆ ಕೂತ ಸೇನಾಪತಿಯ ಬೋಳುತಲೆಯೂ ಕಂಡವು. ಯಾವ ಯುದ್ಧವನ್ನೂ ಗೆಲ್ಲದ ಆ ಮಹಾನುಭಾವನ ತಲೆಯ ಮೇಲೆ ಪಾರಿವಾಳಗಳು ತಮ್ಮ ಅಭಿಪ್ರಾಯವನ್ನು ಧಾರಾಳವಾಗಿ ದಾಖಲಿಸಿದ್ದವು. ಪ್ರತಿಮೆಯ ಈಚೆ ಬದಿಯಲ್ಲಿ ಇಬ್ಬರು ಹೆಂಗಸರು ನಿಂತು ಅತ್ತಿತ್ತ ನೋಡುತ್ತಿದ್ದರು. ಹಸಿರು ಸೀರೆಯವಳು ಫೋಟೋದವಳೇ!

“ಇಲ್ಲಿ! ಇಲ್ಲಿದೀನಿ ರೀ!” ಎಂದು ಅವನು ಟೋಪಿ ಬೀಸಿ ಕೂಗಿದ. ಅದೇ ಕ್ಷಣ ತಲೆಯ ಮೇಲಿನ ಗಂಟೆ ಹನ್ನೊಂದು ಹೊಡೆಯಲು ಶುರುಮಾಡಿತು. ಬಾಯಿ ತೆರೆದದ್ದು ಅವನು, ಕೇಳಿಸಿದ್ದು ಗಂಟೆ. ಅದು ನಿಲ್ಲುವಷ್ಟರಲ್ಲಿ ಹೆಂಗಸರಿಬ್ಬರೂ ಪೀಠದ ಆಚೆ ಬದಿಗೆ ಸರಿದು ಮರೆಯಾಗಿದ್ದರು.

“ಟೋಪಿ ಹಾಕ್ಕೊಳ್ಳಿ ಸಾರ್, ಲೆಕ್ಕ ತಪ್ಪುತ್ತೆ,” ಎಂದಳು ಗೈಡು.

ಕೆಳಗಿಳಿದವನೇ ಓಡಬೇಕೆಂದಿದ್ದ. ಆದರೆ ಗೋಪುರದಿಂದ ಹೊರಬರುವ ಬಾಗಿಲು ತೆರೆದುಕೊಳ್ಳುತ್ತಿದ್ದುದು ನೇರವಾಗಿ ಹಳೇ ಸೆರೆಮನೆಯ ಅಂಗಳಕ್ಕೆ. “ಹಿಂದಿನ ಕಾಲದ ಕೈದಿ ಹೇಗಿದ್ದ ಅಂತ ತೋರಿಸೋಕೆ ಒಬ್ಬರು ಒಳಗೆ ಬರ್ತೀರಾ?” ಎಂದು ಗೈಡು ಕೇಳಿದ್ದೇ ತಡ, ಹೆಡ್‌ಮಿಸ್ಟ್ರೆಸ್ಸು ಅವನನ್ನು ಕೋಣೆಯೊಳಕ್ಕೆ ನೂಕಿದರು. ಕಾವಲುಗಾರ ಗತ್ತಿನಿಂದ ಬೀಗ ತಿರುಗಿಸಿದ. ಎಲ್ಲರೂ ಫೋಟೋ ತೆಗೆದುಕೊಂಡರು. ಆಮೇಲೆ ಬೀಗ ತೆರೆಯಲಿಲ್ಲ.

“ತುಕ್ಕು ಹಿಡಿದಿದೆ, ಎಣ್ಣೆ ತರ್ತೀನಿ,” ಎಂದು ಕಾವಲುಗಾರ ಹೋದ. ಎಣ್ಣೆಯನ್ನು ಗಾಣದಿಂದಲೇ ತೆಗೆಸಿ ತರುವವನಂತೆ ತಡಮಾಡಿದ.

ಸರಳಿನ ಹಿಂದೆ ಅವನು ಕೂತಿದ್ದಾಗ ಫೋನು ಬಡಿದುಕೊಂಡಿತು. ಅಕ್ಕ. ಬೈಗುಳ ಕೇಳಲು ಸಿದ್ಧನಾಗಿ ಕಿವಿಗಿಟ್ಟುಕೊಂಡ.

“ಭೇಷ್ ಕಣೋ! ಹುಡುಗಿಯ ಚಿಕ್ಕಮ್ಮ ಈಗ ಫೋನ್ ಮಾಡಿದ್ರು. ತುಂಬಾ ಹಿಡಿಸಿದೀಯಂತೆ! ಎಷ್ಟು ನಿಧಾನ, ಎಷ್ಟು ನಯ, ಅಂದುಕೊಂಡದ್ದಕ್ಕಿಂತ ಎತ್ತರ ಬೇರೆ ಅಂದ್ರು. ಯಾವಾಗಲೋ ಬೆಳೆದೆ ನೀನು?”

“ಅಕ್ಕಾ, ನಾನು ಜೈಲಲ್ಲಿದೀನಿ.”

“ಮದುವೆ ಇನ್ನೂ ಆಗಿಲ್ಲ, ಆಗಲೇ ಈ ಮಾತಾ!” ಎಂದು ನಗುತ್ತ ಅಕ್ಕ ಫೋನಿಟ್ಟಳು.

ಬೀಗ ತೆರೆದೊಡನೆ ಅವನು ಚೌಕದುದ್ದಕ್ಕೂ ಓಡಿದ. ಕೈದಿ ತಪ್ಪಿಸಿಕೊಂಡನೆಂಬಂತೆ ಗೈಡು, ಹೆಡ್‌ಮಿಸ್ಟ್ರೆಸ್ಸು, ಉಳಿದ ಟೋಪಿಗಳೆಲ್ಲ ಹಿಂದೆಯೇ ಓಡಿ ಬಂದವು. ಪ್ರತಿಮೆಯ ಆಚೆ ಬದಿಯಲ್ಲಿ ಹಸಿರು ಸೀರೆಯವಳು ಕೂತಿದ್ದಳು. ಪಕ್ಕದಲ್ಲೊಬ್ಬ ಎತ್ತರದ ಆಸಾಮಿ. ಅವನ ಕಾಲಿನಲ್ಲಿ ಒಂದೇ ಬೂಟು, ತಲೆಯ ಮೇಲೆ ಹಳದಿ ಟೋಪಿ.

ಗೈಡು ಎಣಿಸಿದಳು. “ಅಯ್ಯೋ, ಈಗ ಒಂದು ಜಾಸ್ತಿ!”

“ಬೂಟು ಕಚ್ಚಿತು, ಹಾಗೇ ಇಲ್ಲೇ ಕೂತುಬಿಟ್ಟೆ,” ಎಂದು ಆ ಆಸಾಮಿ ಎದ್ದು ನಿಂತ. “ಇವರು ಬಂದು ಮಾತಾಡಿಸಿದ್ರು.”

ಕನ್ನಡಕದ ಅಂಗಡಿಯವನು ಏದುಸಿರಿನಲ್ಲಿ ಹೇಳಿದ: “ನೋಡಿ, ತಪ್ಪಾಗಿದೆ. ಟೋಪಿಯಿಂದ ಮೋಸ ಹೋಗಿದೀರಿ. ಆ ಹಳದಿ ಟೋಪಿಯವನು ನಾನು!”

ಚಿಕ್ಕಮ್ಮ ಎದೆ ಹಿಡಿದುಕೊಂಡರು. ಆದರೆ ಹಸಿರು ಸೀರೆಯವಳು ಮೆಲ್ಲಗೆ ನಕ್ಕಳು. ಲೆನ್ಸಿಲ್ಲದೆಯೂ ಆಕೆ ಚೆನ್ನಾಗಿಯೇ ಇದ್ದಳು.

“ಗೊತ್ತು. ‘ನೀವು ಅಂದುಕೊಂಡವನು ನಾನಲ್ಲ’ ಅಂತ, ಚಿಕ್ಕಮ್ಮ ಫೋನ್ ಮಾಡೋಕೆ ಆಚೆ ಹೋದ ತಕ್ಷಣ ಇವರೇ ಹೇಳಿದ್ರು,” ಎಂದಳು. “ಪರವಾಗಿಲ್ಲ, ಮಾತು ಮುಂದುವರಿಸಿ ಅಂದೆ. ದಯವಿಟ್ಟು ಬೇಜಾರು ಮಾಡ್ಕೋಬೇಡಿ.”

ಹೊರಟಾಗ ಆಕೆ ಆ ಎತ್ತರದವನ ಇನ್ನೊಂದು ಬೂಟನ್ನು ತಾನೇ ಎತ್ತಿಕೊಂಡಳು. ಅವನು ಬಸ್ಸಿಗೆ ಬರುವುದಿಲ್ಲವೆಂದ. ಸಂಜೆ ಬೇರೆ ಬಸ್ಸು ಹಿಡಿಯುತ್ತೇನೆಂದು ಗೈಡಿಗೆ ಬರೆದುಕೊಟ್ಟು, ಕುಂಟುತ್ತ ಹೆಂಗಸರ ಹಿಂದೆ ನಡೆದ.

ಕನ್ನಡಕದವನು ಪೀಠದ ಮೆಟ್ಟಿಲ ಮೇಲೆ ಕುಸಿದು ಕೂತ. ಗುಂಪು ಚದುರಿ ಮರದ ನೆರಳಿಗೆ ಊಟಕ್ಕೆ ಹೋಯಿತು. ಹೆಡ್‌ಮಿಸ್ಟ್ರೆಸ್ಸು ಮಾತ್ರ ಅಲ್ಲೇ ನಿಂತಿದ್ದರು. ಬಗ್ಗಿ, ತಾವೇ ಎಳೆದೆಳೆದು ಮುದುಡಿಸಿದ್ದ ಅವನ ಕಾಲರನ್ನು ನೇರ ಮಾಡಿದರು. ಆಮೇಲೆ ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಅವನ ಕೈಗಿಟ್ಟರು.