ಸಾವಿನ ಮನೆಗೆ ಬಲೂನು

ವಿಧವೆ ಗುಂಡಿ ಒತ್ತಿದ್ದೇ ತಡ, ಪರದೆಯ ತುಂಬ ಬಣ್ಣಬಣ್ಣದ ಬಲೂನುಗಳು ಹಾರಿದವು. ನಡುವೆ ಅಕ್ಷರಗಳು ಕುಣಿದವು: "ಅಭಿನಂದನೆಗಳು! ಆದಷ್ಟು ಬೇಗ ಮತ್ತೆ ಬನ್ನಿ!"

ಆಕೆ ಕಾಯ್ದಿರಿಸಿದ್ದು ಗಂಡನ ಶವ ಮಲಗಿಸುವ ಕೋಣೆಯನ್ನು. ಶವಸಂಸ್ಕಾರದ ಅಂಗಡಿಯ ಮುದಿ ಮಾಲೀಕ ದೋನ್ ಅನಾಕ್ಲೆತೊ ಬೆಳಿಗ್ಗೆ ಒಂಬತ್ತಕ್ಕೇ ಫೋನಿನಲ್ಲಿ ಗುಡುಗಿದ. ಮೊಂತೆವಿದೆಯೊ ಊರಲ್ಲೆಲ್ಲ ಅವನ ಮಾನ ಹೋಗಿತ್ತು. ಅವನ ಅಂಗಡಿಗೆ ಆ ಜಾಲತಾಣ ಮಾಡಿಕೊಟ್ಟವನು, ತಾಣಗಳನ್ನು ಕಟ್ಟಿಕೊಡುವ ಕಚೇರಿಯೊಂದರ ನೌಕರ ಎಬೆರ್.

ಪಾಪ, ಎಬೆರ್ ಪ್ರತಿ ಗುಂಡಿ, ಪ್ರತಿ ಚೌಕವನ್ನೂ ಕೈಯಾರೆ ಕಟ್ಟಬೇಕೆನ್ನುವ ಮನುಷ್ಯ. "ಜಗತ್ತೆಲ್ಲ ಸಿದ್ಧ ಬಿಡಿಭಾಗ ತಂದು ಜೋಡಿಸುತ್ತೆ, ನೀನೊಬ್ಬ ಇನ್ನೂ ಇಟ್ಟಿಗೆ ಸುಡ್ತಾ ಕೂತಿದೀಯ" ಎಂದು ಕಚೇರಿಯ ಒಡತಿ ಮಿರ್ತಾ ಬಯ್ದದ್ದಕ್ಕೇ ಯಾರೋ ಅಪರಿಚಿತ ಮಾಡಿಟ್ಟ ಕಾಯ್ದಿರಿಸುವ ಫಾರಮ್ಮನ್ನು ಅಂತರ್ಜಾಲದಿಂದ ತಂದು ಕೂರಿಸಿದ್ದ. ಅದು ಸತ್ತವರ ಹೆಸರು ಕೇಳುತ್ತಿದ್ದುದರಿಂದ, ಪರೀಕ್ಷೆಗೆಂದು ಕೊನೆಯ ಗುಂಡಿ ಒತ್ತುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಬಂದಿರಲಿಲ್ಲ.

"ಐದು ಗಂಟೆಗೆ ಮುದುಕ ಇಲ್ಲಿಗೇ ಬರ್ತಾನೆ," ಎಂದಳು ಮಿರ್ತಾ. "ಅಷ್ಟರಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ಅವನೂ ಹೋದ, ನೀನೂ ಹೋದೆ."

ಐವತ್ತೆರಡನೆಯ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಹೀರುತ್ತಿದ್ದ ಯೆರ್ಬಾ ಎಲೆಯ ಕಷಾಯವನ್ನು ಬದಿಗಿಟ್ಟು ಎಬೆರ್ ಕೆಲಸಕ್ಕೆ ಕೂತ.

ನೆರವಿಗೆ ಇಡೀ ಕಚೇರಿ ಧಾವಿಸಿತು, ಅಲ್ಲಿಗೆ ಕೆಟ್ಟಿತು. "ಬಣ್ಣ ಬದಲಾಯಿಸು ಮಾರಾಯ," ಎಂದ ಪಕ್ಕದ ಮೇಜಿನ ಫಾಬ್ರಿಸಿಯೊ. ಬದಲಾಯಿಸಿದರೆ ಕಪ್ಪು ಬಲೂನುಗಳು ಹಾರಿದವು. "ಹೊಸ ಆವೃತ್ತಿ ಹಾಕ್ಕೊಳಯ್ಯ, ಅದ್ರಲ್ಲಿ ಬಲೂನೇ ಇಲ್ಲ," ಎಂದಳು ಚಿತ್ರ ಬಿಡಿಸುವ ನಿಬಿಯಾ. ಬಲೂನು ಇರಲಿಲ್ಲ ನಿಜ, ಚಪ್ಪಾಳೆ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಎರಡು ಗಂಟೆಗೆ ಎಬೆರ್ ಬಾಗಿಲು ಹಾಕಿಕೊಂಡ. ಊಟ ಬಿಟ್ಟ. ಇದ್ದದ್ದನ್ನೆಲ್ಲ ಕಿತ್ತೆಸೆದು ಮೊದಲಿನಿಂದ ತಾನೇ ಕಟ್ಟಿದ. ಬಿಳಿ ಹಾಳೆ, ನಾಲ್ಕು ಪ್ರಶ್ನೆ, ಕೊನೆಗೆ ಒಂದೇ ಸಾಲು: "ನಿಮ್ಮ ದುಃಖದಲ್ಲಿ ನಾವಿದ್ದೇವೆ."

ಐದಕ್ಕೆ ಬಂದ ದೋನ್ ಅನಾಕ್ಲೆತೊ ಗುಂಡಿ ಒತ್ತಿ ಕಾದ. ಏನೂ ಹಾರಲಿಲ್ಲ. ಮುದುಕ ಕಣ್ಣೊರೆಸಿಕೊಂಡ. "ಇದನ್ನ ನೋಡಿದ್ರೆ ಸಾಯೋಕೂ ಮನಸ್ಸಾಗುತ್ತೆ ಕಣಯ್ಯ," ಎಂದ. ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

"ಇದನ್ನ ಎಲ್ಲಾ ತಾಣಗಳಿಗೂ ಹೊಂದೋ ಹಾಗೆ ಮಾಡಿಡು," ಎಂದಳು ಮಿರ್ತಾ. "ಹೆಸರು, ಬಣ್ಣ ಬದಲಾಯಿಸಿದ್ರೆ ಸಾಕು ಅನ್ನೋ ಹಾಗಿರ್ಲಿ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ತನ್ನ ಕೈಕೆಲಸವನ್ನು ಬೇಕೆಂದು ಕೇಳಿದ್ದರು! ಎಬೆರ್ ಉಬ್ಬಿಹೋದ. ಬಳಸುವ ಸೂಚನೆಗಳನ್ನೂ ಮಗುವಿಗೆ ತಿಳಿಯುವಂತೆ ಬರೆದಿಟ್ಟ. ಅದನ್ನು ಓದಿಕೊಂಡು ಫಾಬ್ರಿಸಿಯೊ ಹತ್ತೇ ನಿಮಿಷದಲ್ಲಿ ಹೂವಿನಂಗಡಿಯ ತಾಣವನ್ನೂ ಹಲ್ಲಿನ ವೈದ್ಯರ ತಾಣವನ್ನೂ ಮುಗಿಸಿದ. ಎರಡೂ ಎಬೆರ್ ಇನ್ನು ಮೂರು ತಿಂಗಳು ಕೂತು ಕಟ್ಟಬೇಕಿದ್ದ ಕೆಲಸಗಳು.

ರಾತ್ರಿ ಎಂಟು ಗಂಟೆಗೆ ಮಿರ್ತಾ ಎಬೆರ್‌ನನ್ನು ಒಳಗೆ ಕರೆದಳು. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು.

"ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರೆ ಎಬೆರ್. ನೀನು ಮುತ್ತು ಕಟ್ಟಿಬಿಟ್ಟೆ. ಇನ್ನು ಹತ್ತು ಕಟ್ಟೋನು ನಮಗ್ಯಾಕೆ, ನೀನೇ ಹೇಳು?"

ಎಬೆರ್ ಅವಳ ಮೇಜಿನ ಮೇಲಿದ್ದ ಸೂಚನೆಯ ಹಾಳೆಗಳನ್ನು ಅಂಚು ಸೇರಿಸಿ ಜೋಡಿಸಿಟ್ಟ.

"ನಾಳೆಯಿಂದಾನೇ ಬರ್ಬೇಡ್ವಾ?" ಎಂದ.

"ಏನ್ಮಾಡ್ಲಿ," ಎಂದಳು ಮಿರ್ತಾ, "ನೀನು ಬರೆದಿಟ್ಟಿರೋ ಸೂಚನೆ ಅಷ್ಟು ಚೆನ್ನಾಗಿದೆ."