ಸ್ವತಂತ್ರ ಫೋನು, ಯಾರದೋ ಬೀಗರೂಟ

"ಇನ್ನು ಮುಂದೆ ಈ ನಟರಾಜ ಎಲ್ಲಿ ಹೋದ, ಏನು ತಿಂದ ಅಂತ ಯಾವ ವಿದೇಶಿ ಕಂಪನಿಗೂ ಗೊತ್ತಾಗಕೂಡದು!"

ಹೊಳೆನರಸೀಪುರದ ನಮ್ಮ ಮನೆಯ ಹಜಾರದಲ್ಲಿ ನಿಂತು ಹೀಗೆ ಘೋಷಿಸಿಯೇಬಿಟ್ಟೆ. ಹಳೇ ಫೋನು ಮಾರಿ, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದ ಫೋನು ತಂದೆ. ಮ್ಯಾಪಿಲ್ಲ, ವಾಟ್ಸ್ಯಾಪಿಲ್ಲ! ಹಳೇ ನಂಬರುಗಳೆಲ್ಲ ಆ ಕಂಪನಿಯ ಹತ್ತಿರವೇ ಉಳಿದುಹೋದವು. ಸ್ವಾತಂತ್ರ್ಯವೆಂದರೆ ಸುಮ್ಮನೆಯೇ?

ಮರುದಿನ ಮಲ್ಲಿಪಟ್ಟಣದ ಬಳಿ ನಾದಿನಿ ಮಾನಸಾಳ ಮದುವೆಯ ಬೀಗರೂಟ. ಹೆಂಡತಿ ಯಮುನಾ ಆವತ್ತೇ ಹೊರಟಳು.

"ದೊಡ್ಡಳಿಯ ಬರೋಗಂಟ ನಮ್ಮಪ್ಪ ಎಲೆ ಮುಂದೆ ಕೂರಾಕಿಲ್ಲ. ಬೀಗರ ಮುಂದೆ ಮರ್ವಾದೆ ಕಳೀಬ್ಯಾಡಿ. ದಾರಿ ಗೊತ್ತಾಯ್ತದಾ?"

"ಬಾಯಿದ್ದೋನು ಬರಗಾಲದಲ್ಲೂ ಬದುಕ್ದ! ಕೇಳ್ಕೊಂಡ್ ಬತ್ತೀನಿ ಕಣೆ!"

ಮರುದಿನ ಮಲ್ಲಿಪಟ್ಟಣದಲ್ಲಿಳಿದು ಕೇಳಿದೆ. ಟೀ ಅಂಗಡಿಯವನು "ಬೀಗರೂಟವಾ? ಅಗೋ ಸಾ, ಶಾಮಿಯಾನ!" ಎಂದ. ಬಾಗಿಲಲ್ಲೇ ಒಬ್ಬರು ಕೈ ಹಿಡಿದರು.

"ಯಾವ ಕಡೆಯೋರು?"

"ಹೆಣ್ಣಿನ ಕಡೆ! ಹಿರೀ ಅಳಿಯ!" ಎಂದೆ ಎದೆಯುಬ್ಬಿಸಿ. "ನಮ್ಮ ಮಾವ ಎಲ್ಲಿ?"

"ಒಳಗವ್ರೆ. ನೀವ್ ಕುಂತ್ಕಳಿ, ಪಂಕ್ತಿ ಸುರುವಾಯ್ತು!"

ಮುದ್ದೆ ಬಿತ್ತು, ಸಾರು ಬಿತ್ತು, ನಲ್ಲಿಮೂಳೆ ಬಿತ್ತು. ಯಾರೋ ಫೋಟೋ ತೆಗೆದರು. ಅಷ್ಟರಲ್ಲಿ ನನ್ನ ಫೋನು! ಹೆಸರಿಲ್ಲದ ನಂಬರು. ಮಾಹಿತಿ ಕದಿಯುವ ಖದೀಮರೇ ಇರಬೇಕು! ಎಡಗೈಯಲ್ಲಿ ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್!

ಎರಡನೇ ಮೂಳೆ ಕೊಡವುತ್ತಿರುವಾಗ ಎದುರಿಗೆ ಬಂದು ನಿಂತವಳು ಸಾಕ್ಷಾತ್ ಯಮುನಾ.

"ಎಷ್ಟ್ ಸಲ ಫೋನ್ ಮಾಡೋದು? ಕಟ್ಕೊಂಡೋಳ ನಂಬರೂ ಬಾಯಿಗೆ ಬರಾಕಿಲ್ವಾ? ಇದ್ಯಾರ ಬೀಗರೂಟ ಗೊತ್ತಾ?"

ಕೈಯಲ್ಲಿದ್ದ ಮೂಳೆ ಎಲೆಗೆ ಬಿತ್ತು.

"ನಾ... ನಾನಿಲ್ಲಿರೋದು ಹೇಗೆ ಗೊತ್ತಾಯ್ತು?"

ಅವಳು ತನ್ನ ಫೋನನ್ನು ನನ್ನ ಮೂಗಿಗೆ ಹಿಡಿದಳು. ಅದರಲ್ಲಿ ಬಾಯ್ತುಂಬ ಮೂಳೆ ಕಚ್ಚಿಕೊಂಡ ನಾನು!

"ಈ ಮನೆ ಮದುಮಗ ಮಾನಸನ ಗಂಡನ ದೋಸ್ತು. ವಾಟ್ಸ್ಯಾಪ್ ಸ್ಟೇಟಸ್ ಆಕವ್ನೆ! ಇಡೀ ತಾಲ್ಲೂಕೇ ನೋಡ್ತಾ ಐತೆ. ಏಳಿ, ಅಲ್ಲಿ ಅಪ್ಪ ಅಸ್ಕೊಂಡು ಕಾಯ್ತಾವ್ರೆ!"

ಅವಮಾನದಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೆ ಬಾಯಿ ಬಿಡಬೇಕಾದವನು ನಾನೇ. ಪಕ್ಕದ ತೋಟದ ನಮ್ಮವರ ಪಂಕ್ತಿಯಲ್ಲಿ ಮಾವ ಬೀರಲಿಂಗಯ್ಯನವರ ಬಲಕ್ಕೆ ಕೂತು, ಮತ್ತೊಂದು ಮುದ್ದೆ ಮುರಿದೆ. ಮೂಳೆಯನ್ನು ಮೆಲ್ಲಗೆ ಎಲೆಯ ಅಂಚಿಗೆ ಸರಿಸಿದೆ.

ಮಾವ ಕನ್ನಡಕ ಏರಿಸಿ ನನ್ನ ಎಲೆ ನೋಡಿದರು.

"ಯಾಕ್ ಅಳಿಯಂದ್ರೆ, ಇಲ್ಲಿ ಮೂಳೆ ಹಿಡಿಸ್ನಿಲ್ವಾ? ಫೋನಲ್ಲಿ ಬಲು ಚೆಂದಾಗಿ ಚೀಪ್ತಿದ್ರಿ!"